ಕಲ್ಪಿತ ಲೋಕ ನಿರ್ಮಾಣ: ಪ್ರೇರಣೆ ಮತ್ತು ಗುರಿ

ಕಲ್ಪಿತ ಲೋಕ ನಿರ್ಮಾಣ ಎಂದರೆ ಕಥೆ, ಕಾವ್ಯ, ನಾಟಕ, ಚಲನಚಿತ್ರ ಅಥವಾ ಆಟಕ್ಕಾಗಿ ವಾಸ್ತವದಲ್ಲಿಲ್ಲದ ಜಗತ್ತೊಂದನ್ನು ಅದರ ನೆಲ, ಜನ, ದೈವ, ಭಾಷೆ, ಆಚಾರ ಮತ್ತು ನಿಯಮಗಳ ಸಮೇತ ಕಟ್ಟುವ ಕೆಲಸ. ಈ ಕೆಲಸದ ಮೊದಲಲ್ಲಿ ಎರಡು ಹಂತಗಳಿವೆ. ಜಗತ್ತಿಗೆ ಬೇಕಾದ ಸಾಮಗ್ರಿಯನ್ನು ಎಲ್ಲಿಂದ ತರುವುದೆಂಬುದು ಪ್ರೇರಣೆಗೆ ಸಂಬಂಧಿಸಿದ್ದು. ಆ ಜಗತ್ತು ಯಾವುದಕ್ಕಾಗಿ ಬೇಕೆಂಬುದು ಗುರಿಗೆ ಸಂಬಂಧಿಸಿದ್ದು. ಈ ಎರಡು ಹಂತಗಳನ್ನು ಇಲ್ಲಿ ಕನ್ನಡ ಸಾಹಿತ್ಯ ಮತ್ತು ರಂಗಪರಂಪರೆಯ ನಿದರ್ಶನಗಳೊಂದಿಗೆ, ಮುಖ್ಯವಾಗಿ ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲ ಸೀಮೆಯ ಆಕರಗಳನ್ನು ಹಿಡಿದು ವಿವರಿಸಲಾಗಿದೆ.

ಪರಿಭಾಷೆ

ಕನ್ನಡದಲ್ಲಿ ಫ್ಯಾಂಟಸಿ ಎಂದೇ ಬಳಕೆಯಲ್ಲಿರುವ ಪ್ರಕಾರವನ್ನು ಇಲ್ಲಿ ಅದ್ಭುತ ಕಥನ ಎಂದು ಕರೆದಿದೆ. ಅದ್ಭುತ ಕಥನ ನಡೆಯುವ ಜಗತ್ತು ಕಲ್ಪಿತ ಲೋಕ. ಆ ಲೋಕಕ್ಕೆ ಸಾಮಗ್ರಿ ಒದಗಿಸುವ ಸ್ಥಳ, ವಸ್ತು, ಐತಿಹ್ಯ, ಶಾಸನ, ಆಚರಣೆ ಅಥವಾ ಕೃತಿ ಆಕರ. ಆ ಲೋಕದೊಳಗೆ ಏನು ಸಾಧ್ಯ, ಏನು ಅಸಾಧ್ಯ ಎಂಬ ಕಟ್ಟು ಲೋಕನಿಯಮ. ಆಕರ ಮತ್ತು ಪ್ರೇರಣೆ ಒಂದೇ ಅಲ್ಲ. ಬಾದಾಮಿಯ ಕೆಂಪು ಬಂಡೆ ಒಂದು ಆಕರ. ಆ ಬಂಡೆಯ ಮೇಲೆ ಕೋಟೆ ಕಟ್ಟಿ ಬಾಳಿದವರು ಕುಡಿಯುವ ನೀರಿಗೆ ಏನು ಮಾಡಿದರು ಎಂದು ಹುಟ್ಟುವ ಪ್ರಶ್ನೆ ಪ್ರೇರಣೆ. ಆಕರ ಎಲ್ಲರಿಗೂ ಒಂದೇ, ಪ್ರಶ್ನೆ ಮಾತ್ರ ಲೇಖಕರಿಂದ ಲೇಖಕರಿಗೆ ಬೇರೆಯಾಗುತ್ತದೆ.

ಹುಟ್ಟು ಮತ್ತು ಹಿನ್ನೆಲೆ

ಕವಿಯನ್ನು ಕಾವ್ಯಲೋಕದ ಪ್ರಜಾಪತಿ ಎಂದು ಭಾವಿಸುವ ವಿಚಾರವನ್ನು 9ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಆನಂದವರ್ಧನ ಪ್ರತಿಪಾದಿಸಿದ್ದಾನೆ. ಪುರಾಣಗಳ ಜಂಬೂದ್ವೀಪ, ಮೇರು, ಏಳು ಸಮುದ್ರಗಳ ಭೂವಿವರಣೆಯೂ ಜೈನ ಪುರಾಣಗಳ ಕಾಲಚಕ್ರವೂ ಕನ್ನಡ ಕವಿಗಳಿಗೆ ಸಿದ್ಧವಾಗಿ ದೊರೆತ ಲೋಕಗಳು. ಪಂಪನ ಆದಿಪುರಾಣದಲ್ಲಿ (941) ಬರುವ ಭೋಗಭೂಮಿಯಲ್ಲಿ ಜನ ದುಡಿಯಬೇಕಿಲ್ಲ, ಬೇಕಾದುದನ್ನು ಕಲ್ಪವೃಕ್ಷಗಳೇ ಕೊಡುತ್ತವೆ. ಆ ಮರಗಳ ಶಕ್ತಿ ಕುಂದಿದಾಗ ಉಳುಮೆ, ವ್ಯಾಪಾರ, ಆಳ್ವಿಕೆಗಳು ಹುಟ್ಟುತ್ತವೆ. ಲೋಕನಿಯಮವೊಂದು ಬದಲಾದರೆ ಸಮಾಜವೆಲ್ಲ ಬದಲಾಗಬೇಕೆಂಬ ತರ್ಕ ಇಲ್ಲಿ ಸ್ಪಷ್ಟವಾಗಿದೆ. ಬಾಣನ ಕಾದಂಬರಿಯನ್ನು ಒಂದನೆಯ ನಾಗವರ್ಮ 10ನೆಯ ಶತಮಾನದ ಕೊನೆಯಲ್ಲಿ ಕರ್ಣಾಟಕ ಕಾದಂಬರಿಯಾಗಿ ತಂದ. ಗಂಧರ್ವಲೋಕ, ಅಚ್ಛೋದ ಸರೋವರ, ಜನ್ಮಾಂತರಗಳ ಹೆಣಿಗೆಯುಳ್ಳ ಜಗತ್ತು ಇದರಿಂದ ಕನ್ನಡದ್ದಾಯಿತು.

ಲೋಕ ಕಟ್ಟುವವರು ಇಂದು ಬಳಸುವ ಪ್ರಶ್ನಾವಳಿಗಳಿಗೆ ಸಮನಾದ ಸಾಧನವೂ ಹಳೆಯ ಕಾವ್ಯಮೀಮಾಂಸೆಯಲ್ಲಿದೆ. ಮಹಾಕಾವ್ಯದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ, ಮಧುಪಾನ, ಸುರತ, ವಿರಹ, ವಿವಾಹ, ಪುತ್ರೋದಯ, ಮಂತ್ರಾಲೋಚನೆ, ದೂತಕಾರ್ಯ, ಪ್ರಯಾಣ, ಯುದ್ಧ, ನಾಯಕನ ಅಭ್ಯುದಯ ಇರಬೇಕೆಂದು ಲಾಕ್ಷಣಿಕರು ವಿಧಿಸಿದರು. ಇವೇ ಅಷ್ಟಾದಶ ವರ್ಣನೆಗಳು. ನೆಲ, ಕಾಲ, ಸುಖ, ಸಂಸಾರ, ರಾಜಕಾರಣ ಎಲ್ಲವನ್ನೂ ಈ ಪಟ್ಟಿ ಒಳಗೊಳ್ಳುತ್ತದೆ. ಬೇಸಾಯ, ಕೈಕಸುಬು, ಕರಭಾರ ಮಾತ್ರ ಇಲ್ಲ. ಕತೆಗೆ ಬೇಕಿರಲಿ ಬಿಡಲಿ ಹದಿನೆಂಟನ್ನೂ ತುಂಬುವ ಅಭ್ಯಾಸ ಬೆಳೆದು, ಸಾಮಾನ್ಯ ಕವಿಗಳ ಕೈಯಲ್ಲಿ ವರ್ಣನೆ ಬರಿಯ ರೂಢಿಯಾಯಿತು. ಇಂದಿನ ಪ್ರಶ್ನಾವಳಿಗಳನ್ನು ಭರ್ತಿ ಮಾಡುತ್ತ ಕತೆಯನ್ನೇ ಮರೆಯುವವರ ದೋಷವೂ ಇದೇ.

ಆಧುನಿಕ ಚರ್ಚೆಗೆ ತಳಹದಿ ಹಾಕಿದವನು ಇಂಗ್ಲಿಷ್ ಲೇಖಕ ಜೆ. ಆರ್. ಆರ್. ಟೋಲ್ಕಿನ್. ಕಿನ್ನರ ಕಥೆಗಳನ್ನು ಕುರಿತು 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ, ಲೇಖಕ ಕಟ್ಟುವ ಎರಡನೆಯ ಲೋಕಕ್ಕೆ ಒಳಗಿನ ಸುಸಂಗತಿ ಇರಬೇಕೆಂದು ಅವನು ವಾದಿಸಿದ. ಅವನ ಲೋಕ ಹುಟ್ಟಿದ್ದು ಅವನೇ ಕಟ್ಟಿದ ಭಾಷೆಗಳಿಂದ. ಭಾಷೆ ಮೊದಲು, ಆಡುವ ಜನ ಆಮೇಲೆ. 1968ರಲ್ಲಿ ದ್ವೀಪಸಮೂಹದ ಜಗತ್ತೊಂದನ್ನು ಪ್ರಕಟಿಸಿದ ಅಮೆರಿಕದ ಅರ್ಸುಲಾ ಲೆ ಗ್ವಿನ್ ನಕ್ಷೆಯಿಂದ ಆರಂಭಿಸಿದರು. 1974ರಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟ ಲೋಕನಿರ್ಮಾಣವನ್ನು ಲೇಖಕರಿಂದ ಆಟಗಾರರ ಕೈಗೆ ದಾಟಿಸಿತು.

ಪ್ರೇರಣೆಯ ಆಕರಗಳು

ಬಾಗಲಕೋಟೆ ತಾಲ್ಲೂಕಿನ ಬೇವೂರಿನಂಥ ಊರಿನಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ದೂರದೊಳಗೆ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಇಳಕಲ್ಲ, ಕೂಡಲಸಂಗಮ ಇವೆ. ಆಕರಗಳು ಇಷ್ಟು ಒತ್ತಾಗಿ ಸಿಗುವ ಸೀಮೆಗಳು ಕರ್ನಾಟಕದಲ್ಲಿ ಕಡಿಮೆ.

ನೆಲ: ಮಲಪ್ರಭಾ ತಪ್ಪಲಿನಲ್ಲಿ ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳು, ಅವುಗಳ ಸಂದಿಯ ಕೊಳ್ಳಗಳು, ಕೆಳಗೆ ಎರೆಹೊಲ ಇವೆ. ಮಳೆ ಕಡಿಮೆ. ಹಿಂಗಾರಿ ಜೋಳ ಮಣ್ಣು ಹಿಡಿದಿಟ್ಟ ಹಸಿಯನ್ನೇ ನೆಚ್ಚಿ ಬೆಳೆಯುತ್ತದೆ. ಇಂಥ ನೆಲದಲ್ಲಿ ನೀರಿರುವ ತಾಣವೇ ದೇವಸ್ಥಾನವೂ ಅಧಿಕಾರದ ಕೇಂದ್ರವೂ ಆಗುವುದು ಸಹಜ. ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ದಂಡೆಗೆ ಭೂತನಾಥ ಗುಡಿಗಳಿವೆ. ಮಹಾಕೂಟದಲ್ಲಿ ಗುಡಿಗಳ ನಡುವೆಯೇ ಪುಷ್ಕರಣಿಯಿದೆ. ನೀರು, ದೈವ, ಅರಸು ಈ ಮೂರನ್ನು ಒಂದೇ ಎಳೆಯಲ್ಲಿ ಕಟ್ಟಬಯಸುವ ಲೇಖಕರಿಗೆ ಈ ಭೂಗೋಳ ಕಣ್ಣೆದುರಿನ ಮಾದರಿ.

ಕಟ್ಟಡ ಮತ್ತು ಶಿಲ್ಪ: ಬಾದಾಮಿಯ ಕೋಟೆಯನ್ನು ಒಂದನೆಯ ಪುಲಕೇಶಿ ಕಟ್ಟಿಸಿದ್ದನ್ನು 543ರ ಬಂಡೆ ಶಾಸನ ಹೇಳುತ್ತದೆ. ಮೂರನೆಯ ಗುಹಾಲಯದಲ್ಲಿ ಮಂಗಲೇಶನ 578ರ ಶಾಸನವಿದೆ. ಗುಹಾಲಯಗಳ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಕುಳ್ಳ ದೇಹದ ಗಣಗಳು ಸಾಲಾಗಿ ಕುಣಿಯುತ್ತವೆ, ವಾದ್ಯ ನುಡಿಸುತ್ತವೆ, ಕೆಲವಕ್ಕೆ ಪ್ರಾಣಿಯ ಮುಖವಿದೆ. ಐಹೊಳೆಯ ಗುಡಿಗಳ ಛಾವಣಿಯಲ್ಲಿ ಹಾರುವ ಗಂಧರ್ವ ದಂಪತಿಗಳಿದ್ದಾರೆ. ಮಕರ, ವ್ಯಾಳ, ನಾಗ, ಕೀರ್ತಿಮುಖಗಳೂ ಸೇರಿದರೆ ಅದ್ಭುತ ಕಥನಕ್ಕೆ ಬೇಕಾಗುವ ಪ್ರಾಣಿವರ್ಗ ಬಹುಪಾಲು ಇಲ್ಲೇ ಪೂರ್ಣವಾಗುತ್ತದೆ. ಯುರೋಪಿನ ಕುಬ್ಜರನ್ನೂ ಡ್ರ್ಯಾಗನ್‌ಗಳನ್ನೂ ಎರವಲು ತರುವ ಕನ್ನಡ ಬರಹಗಾರರು ಈ ಪಟ್ಟಿಕೆಗಳನ್ನು ನೋಡಿರುವುದಿಲ್ಲ ಎನ್ನಬೇಕಾಗುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದರ ಕಂಬಗಳ ಮೇಲೆ ರಾಮಾಯಣ, ಮಹಾಭಾರತ, ಪಂಚತಂತ್ರದ ಕತೆಗಳಿವೆ. ಈ ಸ್ಮಾರಕ ಸಮೂಹ 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಶಾಸನ ಮತ್ತು ಅದರ ಮೌನ: ದಾಖಲೆ ತುಂಬಿ ತುಳುಕುವಲ್ಲಿ ಕಲ್ಪನೆಗೆ ಎಡೆ ಕಡಿಮೆ, ಏನೂ ಇಲ್ಲದಲ್ಲಿ ಆಧಾರ ಕಡಿಮೆ. ಎರಡರ ನಡುವಿನ ಸ್ಥಿತಿ ಲೋಕನಿರ್ಮಾಣಕ್ಕೆ ಅನುಕೂಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 700ರ ಕಾಲದ, ತ್ರಿಪದಿಗಳನ್ನೊಳಗೊಂಡ ಈ ಹತ್ತು ಸಾಲಿನ ಬರಹದಲ್ಲಿ ಒಬ್ಬ ವೀರನ ಸ್ವಭಾವ ಸ್ಪಷ್ಟವಾಗಿ ಮೂಡಿದೆ. ಅವನ ಕುಲ, ಕದನ, ಸಾವು ಯಾವುದೂ ಇಲ್ಲ. ಐಹೊಳೆಯ ಮೇಗುಟಿ ಗುಡಿಯಲ್ಲಿರುವ ರವಿಕೀರ್ತಿಯ 634ರ ಶಾಸನದಲ್ಲಿ ಕವಿ ತನ್ನನ್ನು ಕಾಳಿದಾಸ, ಭಾರವಿಗಳಿಗೆ ಹೋಲಿಸಿಕೊಂಡಿದ್ದಾನೆ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದಲ್ಲೆಲ್ಲ ಹರಡಿವೆ. ಅರಸನ ಹಂಗಿಲ್ಲದೆ ದೂರದ ಊರುಗಳಿಗೆ ಸರಕು ಸಾಗಿಸಿ, ತನ್ನದೇ ಕಟ್ಟಳೆ ಇಟ್ಟುಕೊಂಡಿದ್ದ ಸಂಘವೊಂದರ ಜಗತ್ತನ್ನು ಅವುಗಳಿಂದ ಊಹಿಸಬಹುದು.

ಐತಿಹ್ಯ: ಐಹೊಳೆಯಲ್ಲಿ ಪರಶುರಾಮ ಕೊಡಲಿ ತೊಳೆದು ಹೊಳೆ ಕೆಂಪಾಯಿತೆಂದು ಜನ ಹೇಳುತ್ತಾರೆ. ವಾತಾಪಿ ಮತ್ತು ಇಲ್ವಲ ಎಂಬ ರಾಕ್ಷಸ ಸೋದರರ ಕತೆ ಬಾದಾಮಿಗೆ ಅಂಟಿಕೊಂಡಿದೆ. ಇತಿಹಾಸಕಾರರು ಬದಿಗಿಡುವ ಇಂಥ ಕತೆಗಳು ಲೋಕ ಕಟ್ಟುವವರಿಗೆ ಮುಖ್ಯ; ನೆಲದ ಬಣ್ಣಕ್ಕೂ ಬಂಡೆಯ ಆಕಾರಕ್ಕೂ ಜನ ಕಾರಣ ಕಟ್ಟುವ ಬಗೆ ಅವುಗಳಲ್ಲಿ ದಾಖಲಾಗಿದೆ.

ಪಂಚಾಂಗ ಮತ್ತು ಕಸುಬು: ಹೊಸ ಲೋಕಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ ವರ್ಷದ ಲೆಕ್ಕ. ಈ ಸೀಮೆಯ ರೈತರ ವರ್ಷಕ್ಕೆ ಮಣ್ಣೆತ್ತಿನ ಅಮಾವಾಸ್ಯೆ, ಗುಳ್ಳವ್ವ, ಜೋಕುಮಾರ, ಶೀಗಿಹುಣ್ಣಿಮೆ, ಎಳ್ಳಮಾಸೆ, ಬನದ ಹುಣ್ಣಿಮೆ ಎಂಬ ಮೈಲಿಗಲ್ಲುಗಳಿವೆ. ನಡುವಿನ ಮಳೆಗೆ ನಕ್ಷತ್ರಗಳ ಹೆಸರಿದೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಮನೆಮನೆಗೆ ಬಂದು, ಕೆಲವೇ ದಿನ ಬಾಳಿ ಸಾಯುವ ಜೋಕುಮಾರ ಮಳೆಗೂ ಬೆಳೆಗೂ ಸಂಬಂಧಿಸಿದ ದೈವ. ಋತು, ಬೆಳೆ, ದೈವ, ಊಟ ಒಂದರೊಳಗೊಂದು ಹೊಂದಿಕೊಂಡ ಇಂಥ ಪಂಚಾಂಗವನ್ನು ಕಲ್ಪನೆಯಿಂದಲೇ ಕಟ್ಟುವುದು ಕಷ್ಟ. ಕಸುಬಿನಲ್ಲಿಯೂ ಹಾಗೆಯೇ. ಇಳಕಲ್ಲ ಸೀರೆಯ ಒಡಲಿನ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ದಡಿಗೂ ಸೆರಗಿಗೂ ಗೊತ್ತಾದ ಬಗೆಗಳೂ ಹೆಸರುಗಳೂ ಇವೆ. ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಬರುತ್ತವೆ. ಉಡುಗೆಯಿಂದ ಊರು, ಸ್ಥಿತಿಗತಿ, ಸಂದರ್ಭಗಳನ್ನು ತಿಳಿಸುವ ಕ್ರಮಕ್ಕೆ ಇದು ಸಿದ್ಧ ನಿದರ್ಶನ.

ಆಟ: ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅದರ ಹೆಸರು, ಊರು, ಪರಾಕ್ರಮಗಳನ್ನು ಕೇಳಿ ಹೇಳಿಸುತ್ತಾನೆ. ಪರದೆ, ದೃಶ್ಯಸಜ್ಜಿಕೆಗಳ ನೆರವಿಲ್ಲದೆ, ಭುಜಕೀರ್ತಿ ಕಿರೀಟಗಳ ಜೊತೆಗೆ ಕೆಲವು ಮಾತುಗಳಿಂದಲೇ ಅಮರಾವತಿಯೋ ಹಸ್ತಿನಾವತಿಯೋ ನಿಲ್ಲುತ್ತದೆ. ಶ್ರೀಕೃಷ್ಣ ಪಾರಿಜಾತದಲ್ಲಿ ಇಂದ್ರಲೋಕದ ಹೂವು ದ್ವಾರಕೆಯ ಸವತಿಯರ ಜಗಳಕ್ಕೆ ಕಾರಣವಾಗುತ್ತದೆ. ಸತ್ಯಭಾಮೆ ರುಕ್ಮಿಣಿಯರ ಮಾತುಕತೆ ಮಾತ್ರ ನೆರೆಮನೆಯದು. ಅದ್ಭುತವನ್ನು ಪರಿಚಿತ ಮಾತಿನಲ್ಲಿ ಇಳಿಸುವ ಈ ಕ್ರಮ ಪ್ರೇಕ್ಷಕರನ್ನು ಕಲ್ಪಿತ ಲೋಕಕ್ಕೆ ಬೇಗ ಒಗ್ಗಿಸುತ್ತದೆ.

ವಸ್ತುವೊಂದೇ ಆಕರವಾಗುವುದೂ ಉಂಟು. ಶಿವರಾಮ ಕಾರಂತರ ಮೂಕಜ್ಜಿಯ ಕನಸುಗಳು (1968) ಕಾದಂಬರಿಯಲ್ಲಿ ಮೂಡೂರಿನ ಅಜ್ಜಿ ಹಳೆಯ ವಸ್ತುಗಳನ್ನು ಮುಟ್ಟಿ ಅವುಗಳ ಕಾಲವನ್ನು ಕಾಣುತ್ತಾಳೆ. ಶಂಕರ ಮೊಕಾಶಿ ಪುಣೇಕರರು ಅವಧೇಶ್ವರಿಯಲ್ಲಿ (1987) ಮೊಹೆಂಜೊದಾರೊ ಮುದ್ರೆಗಳನ್ನು ಓದುವ ತಮ್ಮದೇ ಯತ್ನದಿಂದ ವೇದಕಾಲದ ರಾಜ್ಯವೊಂದನ್ನು ಕಟ್ಟಿದರು. ಆ ಓದನ್ನು ವಿದ್ವಾಂಸರು ಒಪ್ಪಬೇಕಾಗಿಲ್ಲ, ಕಾದಂಬರಿಯ ಲೋಕ ನಿಲ್ಲಲು ಅದು ಸಾಕಾಯಿತು.

ಗುರಿಯ ನಿರ್ಧಾರ

ಆಕರ ಒಂದೇ ಆಗಿದ್ದರೂ ಗುರಿ ಬದಲಾದರೆ ಲೋಕ ಬದಲಾಗುತ್ತದೆ ಎಂಬುದಕ್ಕೆ ಕನ್ನಡದ ಭಾರತಗಳಿಗಿಂತ ಉತ್ತಮ ಸಾಕ್ಷಿ ಬೇಕಿಲ್ಲ. ಪಂಪ ವಿಕ್ರಮಾರ್ಜುನ ವಿಜಯದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದ. ಅದಕ್ಕೆ ತಕ್ಕಂತೆ ಅವನ ಭಾರತ 10ನೆಯ ಶತಮಾನದ ಸಾಮಂತ ಆಸ್ಥಾನದ ಚಹರೆ ಪಡೆಯಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ರನ್ನ ಚಾಳುಕ್ಯ ಅರಸ ಸತ್ಯಾಶ್ರಯನನ್ನು ಭೀಮನಾಗಿಸಿ ಗದಾಯುದ್ಧ ಬರೆದ. ಕತೆಯೆಲ್ಲವನ್ನೂ ಹೇಳುವ ಬದಲು ಯುದ್ಧದ ಕೊನೆಯ ಘಟ್ಟವನ್ನು ಆರಿಸಿಕೊಂಡು, ಉಳಿದದ್ದನ್ನು ಸಿಂಹಾವಲೋಕನ ಕ್ರಮದಲ್ಲಿ ಒಳತಂದ. ಲೋಕ ಎಷ್ಟೇ ದೊಡ್ಡದಿದ್ದರೂ ಕತೆ ಅದರ ಒಂದು ಮೂಲೆಯಲ್ಲಿ ನಡೆಯಬಹುದೆಂಬ ಸೂತ್ರ ಇಲ್ಲಿದೆ. 15ನೆಯ ಶತಮಾನದಲ್ಲಿ ಗದುಗಿನ ಕುಮಾರವ್ಯಾಸ ಕೃಷ್ಣನನ್ನು ಕೇಂದ್ರಕ್ಕೆ ತಂದ. ಎಸ್. ಎಲ್. ಭೈರಪ್ಪನವರು ಪರ್ವದಲ್ಲಿ (1979) ದೈವಿಕವಾದುದನ್ನೆಲ್ಲ ಕಳಚಿ, ವರಶಾಪಗಳಿಲ್ಲದ ಮನುಷ್ಯರ ಜಗತ್ತನ್ನು ಕಟ್ಟಿದರು. ಸೇರಿಸುವುದಷ್ಟೇ ಲೋಕನಿರ್ಮಾಣವಲ್ಲ, ಕಳೆಯುವುದೂ ಹೌದು.

ಗುರಿ ಗೊತ್ತುಮಾಡುವಾಗ ಮೊದಲು ತೀರ್ಮಾನವಾಗಬೇಕಾದದ್ದು ಲೋಕ ಯಾರಿಗಾಗಿ, ಯಾವ ಮಾಧ್ಯಮದಲ್ಲಿ ಎಂಬುದು. ಮಕ್ಕಳ ಕಥನಗೀತೆಗೆ ಒಂದು ಊರು, ಒಂದು ಹೊಳೆ, ಒಂದು ಗುಡ್ಡ ಸಾಕು. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ ಜರ್ಮನಿಯ ಐತಿಹ್ಯವನ್ನಾಧರಿಸಿದ ಬ್ರೌನಿಂಗ್‌ನ ಕವಿತೆಯಿಂದ ಪ್ರೇರಿತವಾದದ್ದು. ಓದುವ ಮಗುವಿಗೆ ಅದು ತನ್ನದೇ ಸೀಮೆಯ ಹಳ್ಳಿ. ಸರಣಿ ಕಾದಂಬರಿಗೆ ವಂಶಾವಳಿ, ಕಾಲಗಣನೆ ಬೇಕು. ಆಟಕ್ಕೆ ಆಟಗಾರ ಎತ್ತ ಹೋದರೂ ಎದುರಾಗುವ ಊರುಗಳು ಬೇಕು. ಎರಡನೆಯದು ವಾಸ್ತವದಿಂದ ಎಷ್ಟು ದೂರ ಎಂಬ ತೀರ್ಮಾನ. ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಈ ಲೋಕದಲ್ಲಿ ಯಾವ ಪ್ರಶ್ನೆಯನ್ನು ಪರೀಕ್ಷಿಸಬೇಕು ಎಂಬುದು. ಇದು ಗೊತ್ತಾಗದಿದ್ದರೆ ಆಕರಗಳು ಬರಿಯ ಅಲಂಕಾರವಾಗುತ್ತವೆ.

ಪ್ರೇರಣೆಯಿಂದ ಗುರಿಗೆ ಸಾಗುವ ದಾರಿಯನ್ನು ಈ ಸೀಮೆಯ ಇತ್ತೀಚಿನ ಇತಿಹಾಸದಿಂದಲೇ ತೋರಿಸಬಹುದು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಡೆಯಾದವು. ಸದ್ಯ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ನಗರದ ಜನರಿಗಾಗಿ ಸೆಕ್ಟರ್‌ಗಳ ಲೆಕ್ಕದಲ್ಲಿ ನವನಗರ ಕಟ್ಟಲಾಯಿತು, ಹಳ್ಳಿಗಳಿಗೆ ಪುನರ್ವಸತಿ ಕೇಂದ್ರಗಳಾದವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ನೀರು ತಡೆಯುವ ಗೋಡೆ ಎದ್ದಿತು. ಈಗ ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಅದನ್ನು ನೋಡಬೇಕು.

ಮುಳುಗಿದ ನಗರ ಜಗತ್ತಿನ ಕತೆಗಳಲ್ಲಿ ಹಳೆಯ ವಸ್ತು. ಅದನ್ನು ಬರಿಯ ದೃಶ್ಯವಾಗಿ ತೆಗೆದುಕೊಂಡರೆ ನೀರಿನಡಿಯ ಅರಮನೆ, ಮತ್ಸ್ಯಕನ್ಯೆಯರಲ್ಲಿ ಮುಗಿಯುತ್ತದೆ. ಮುಳುಗಡೆಯ ಊರಿನ ಮಾತು ಕೇಳಿದರೆ ಬೇರೆ ಪ್ರಶ್ನೆಗಳು ಏಳುತ್ತವೆ. ಊರು ಬಿಡುವಾಗ ದೇವರನ್ನು ಒಯ್ಯಬಹುದೆ, ಅಥವಾ ದೇವರು ಆ ನೆಲಕ್ಕೇ ಕಟ್ಟುಬಿದ್ದಿದ್ದಾನೆಯೆ? ಓಣಿಯ ಹೆಸರು ಹೋಗಿ ಸೆಕ್ಟರಿನ ಸಂಖ್ಯೆ ಬಂದಾಗ ಕುಲದ ಗುರುತು ಏನಾಗುತ್ತದೆ? ಬೇಸಿಗೆಯಲ್ಲಿ ನೀರು ತಗ್ಗಿ ಹಳೆಯ ಗೋಡೆ ಕಂಡರೆ ಅದು ಯಾರ ಸೊತ್ತು? ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಗುರಿ ನಿಂತಿತು. ದೇವರು ನೆಲಕ್ಕೆ ಕಟ್ಟುಬಿದ್ದಿದ್ದಾನೆ ಎಂಬುದನ್ನೇ ಲೋಕನಿಯಮ ಮಾಡಿಕೊಂಡರೆ, ವಲಸೆ ಹೋದವರು ದೈವವಿಲ್ಲದವರಾಗುತ್ತಾರೆ, ಮುಳುಗುವ ಮುನ್ನ ಮಣ್ಣು ಕಟ್ಟಿಕೊಂಡು ಹೋದವರು ಪೂಜಾರಿಗಳಾಗುತ್ತಾರೆ, ಆ ಮಣ್ಣಿಗೆ ಬೆಲೆ ಹುಟ್ಟುತ್ತದೆ, ಕಳ್ಳತನ ಹುಟ್ಟುತ್ತದೆ. ಒಂದು ನಿಯಮದಿಂದ ವೃತ್ತಿ, ಮಾರುಕಟ್ಟೆ, ಅಪರಾಧಗಳ ತನಕ ಲೋಕ ತಾನಾಗಿ ಬೆಳೆಯುವುದು ಗುರಿ ಸರಿಯಾಗಿದೆ ಎಂಬುದರ ಲಕ್ಷಣ.

ರಚನೆ

ಕಲ್ಪಿತ ಲೋಕದ ಅಂಗಗಳಲ್ಲಿ ಭೂವಿವರ, ಇತಿಹಾಸ, ಸಮಾಜ, ದೈವ ಮತ್ತು ಮಾಟದ ನಿಯಮ, ಭಾಷೆ ಮತ್ತು ಹೆಸರುಗಳು ಮುಖ್ಯ.

ಮಾಟದ ನಿಯಮಕ್ಕೆ ವಾತಾಪಿ ಇಲ್ವಲರ ಕತೆ ಪಾಠದಂತಿದೆ. ಇಲ್ವಲ ತಮ್ಮನನ್ನು ಆಡನ್ನಾಗಿ ಮಾಡಿ, ಅಡಿಗೆ ಮಾಡಿ ಅತಿಥಿಗೆ ಬಡಿಸುತ್ತಾನೆ. ಹೆಸರು ಹಿಡಿದು ಕರೆದಾಗ ವಾತಾಪಿ ಅತಿಥಿಯ ಹೊಟ್ಟೆ ಬಗೆದು ಬರುತ್ತಾನೆ. ಅಗಸ್ತ್ಯ ಉಂಡು, ಕರೆಯುವ ಮುನ್ನವೇ ಜೀರ್ಣಿಸಿಕೊಳ್ಳುತ್ತಾನೆ. ಇಲ್ಲಿ ಶಕ್ತಿ ಇದೆ, ಅದು ನಡೆಯಲು ಕರೆ ಎಂಬ ಷರತ್ತಿದೆ, ಕರೆ ತಡವಾದರೆ ಶಕ್ತಿ ನಾಶವಾಗುವ ಅಪಾಯವಿದೆ. ಋಷಿ ಗೆಲ್ಲುವುದು ಹೆಚ್ಚಿನ ಮಂತ್ರಬಲದಿಂದ ಮಾತ್ರವಲ್ಲ, ನಿಯಮದ ಸಂದಿಯನ್ನು ಹಿಡಿದದ್ದರಿಂದ. ಮಿತಿಯಿಲ್ಲದ ಶಕ್ತಿ ಕತೆಯ ಬಿಗಿಯನ್ನು ಸಡಿಲಿಸುತ್ತದೆ.

ಹೆಸರುಗಳು ಲೋಕದ ಸುಸಂಗತಿಯನ್ನು ಸದ್ದಿಲ್ಲದೆ ಸಾರುತ್ತವೆ. ಬೇವೂರು, ಪಟ್ಟದಕಲ್ಲು, ಗುಳೇದಗುಡ್ಡ, ಐಹೊಳೆ, ಸಿದ್ಧನಕೊಳ್ಳ, ಕೂಡಲಸಂಗಮ ಎಂಬ ಹೆಸರುಗಳಲ್ಲಿ ಮರ, ಕಲ್ಲು, ಗುಡ್ಡ, ಹೊಳೆ, ಕೊಳ್ಳ, ನದಿಗಳ ಕೂಡಿಕೆ ಎಲ್ಲವೂ ಇವೆ. ಹೆಸರಿನಿಂದಲೇ ನೆಲದ ನಕ್ಷೆ ಬರೆಯಬಹುದು. ಪಟ್ಟದಕಲ್ಲಿಗೆ ಕಿಸುವೊಳಲ್ ಎಂಬ ಹಳೆಯ ಹೆಸರೂ ಇದೆ. ಒಂದು ಊರಿಗೆ ಕಾಲಾನುಕ್ರಮದಲ್ಲಿ ಎರಡು ಮೂರು ಹೆಸರು ಬರುವುದು, ಹಳೆಯದು ಶಾಸನದಲ್ಲೂ ಹೊಸದು ಬಾಯಲ್ಲೂ ಉಳಿಯುವುದು ಕಲ್ಪಿತ ಲೋಕಕ್ಕೆ ವಯಸ್ಸು ತರುವ ಸುಲಭ ಉಪಾಯ. ಕಿವಿಗೆ ವಿಚಿತ್ರವಾಗಿ ಕೇಳಲೆಂದು ಜೋಡಿಸಿದ ಅಕ್ಷರಗಳಿಂದ ಈ ಪರಿಣಾಮ ಬರುವುದಿಲ್ಲ.

ವಿಧಗಳು

ವಾಸ್ತವದೊಡನೆ ಇರುವ ಸಂಬಂಧವನ್ನು ಹಿಡಿದು ಮೂರು ವಿಧ ಹೇಳಬಹುದು. ಪೂರ್ತಿ ಬೇರೆಯಾದ, ತನ್ನದೇ ಭೂಗೋಳವುಳ್ಳ ಲೋಕ ಮೊದಲನೆಯದು. ಟೋಲ್ಕಿನ್ ಮತ್ತು ಲೆ ಗ್ವಿನ್ ಲೋಕಗಳು ಈ ಬಗೆಯವು. ನಮ್ಮ ಲೋಕದೊಳಗೇ ತೂರಿಸಿದ ಕಲ್ಪಿತ ಊರು ಎರಡನೆಯದು. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ 1935ರ ಮೊದಲ ಕಾದಂಬರಿಯಿಂದ ಕಟ್ಟುತ್ತ ಬಂದ ಮಾಲ್ಗುಡಿಯಲ್ಲಿ ಅದ್ಭುತ ಅಂಶ ಕಡಿಮೆ, ಊರಿನ ಸುಸಂಗತಿ ಮಾತ್ರ ಅಚ್ಚುಕಟ್ಟು. ಶಂಕರನಾಗ್ ದೂರದರ್ಶನಕ್ಕಾಗಿ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದರು. ಮೂರನೆಯದು, ಪುರಾಣ ಮತ್ತು ಜನಪದ ಲೋಕಗಳು ದಿನನಿತ್ಯದ ಲೋಕದೊಡನೆ ಬೆರೆತದ್ದು. ಗಿರೀಶ ಕಾರ್ನಾಡರ ಹಯವದನ (1971), ನಾಗಮಂಡಲ (1988) ಈ ವರ್ಗಕ್ಕೆ ಸೇರುತ್ತವೆ. ಕನ್ನಡದಲ್ಲಿ ಹುಲುಸಾಗಿ ಬೆಳೆದದ್ದು ಈ ಮೂರನೆಯ ಬಗೆ.

ಶಿವಾಪುರ

ಕನ್ನಡದಲ್ಲಿ ಒಬ್ಬ ಲೇಖಕ ದಶಕಗಟ್ಟಲೆ ಬೆಳೆಸಿದ ಕಲ್ಪಿತ ಲೋಕಕ್ಕೆ ಪ್ರಧಾನ ನಿದರ್ಶನ ಚಂದ್ರಶೇಖರ ಕಂಬಾರರ ಶಿವಾಪುರ. ಕಂಬಾರರು ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಸಣ್ಣಾಟ, ದೊಡ್ಡಾಟ, ಲಾವಣಿಗಳ ಆ ಸೀಮೆ ಭಾಷೆಯಲ್ಲೂ ಆಚರಣೆಯಲ್ಲೂ ಬಾಗಲಕೋಟೆಗೆ ಹತ್ತಿರದ್ದು. 1964ರ ಹೇಳತೇನ ಕೇಳ ಎಂಬ ನೀಳ್ಗವನದಿಂದ ಆರಂಭಿಸಿ ಅವರ ಕವಿತೆ, ನಾಟಕ, ಕಾದಂಬರಿಗಳಲ್ಲಿ ಈ ಊರು ಮತ್ತೆ ಮತ್ತೆ ಬರುತ್ತದೆ.

ಶಿವಾಪುರದ ವಿಶೇಷವೆಂದರೆ ಅದು ಮುಂಚಿತವಾಗಿ ನಕ್ಷೆ ಹಾಕಿ ಕಟ್ಟಿದ ಊರಲ್ಲ. ಕೃತಿಯಿಂದ ಕೃತಿಗೆ ಅದರ ಗುರಿ ಬದಲಾಗಿದೆ. ಕರಿಮಾಯಿ (1975) ಕಾದಂಬರಿಯಲ್ಲಿ ಊರದೇವತೆಯ ಸುತ್ತ ಕಟ್ಟಿಕೊಂಡ ಸಮುದಾಯಕ್ಕೆ ವಸಾಹತು ಕಾಲದ ಹೊಸ ವಿದ್ಯೆ, ಹೊಸ ಅಧಿಕಾರ ಬಂದಾಗ ಏನಾಗುತ್ತದೆ ಎಂಬ ಪರೀಕ್ಷೆಯಿದೆ. ಸಿಂಗಾರೆವ್ವ ಮತ್ತು ಅರಮನೆ (1982) ದೇಸಗತಿಯ ವಾಡೆಯ ಅವನತಿಯನ್ನು ಒಳಗಿನಿಂದ ತೋರಿಸುತ್ತದೆ. ಚಕೋರಿ (1996) ಮಹಾಕಾವ್ಯದಲ್ಲಿ ಸಂಗೀತಕ್ಕೆ ಒಲಿದ ಚಂದಮುತ್ತನೂ ಯಕ್ಷಿಯೂ ಬರುತ್ತಾರೆ. ಇಲ್ಲಿ ಲೋಕ ಪೂರ್ತಿ ಅದ್ಭುತಕ್ಕೆ ತೆರೆದುಕೊಳ್ಳುತ್ತದೆ. ಶಿಖರಸೂರ್ಯ (2007) ಅದೇ ಲೋಕದೊಳಗೆ ಕನಕಪುರಿ ಎಂಬ ರಾಜಧಾನಿಯನ್ನು ಶಿವಾಪುರಕ್ಕೆ ಎದುರಾಗಿ ನಿಲ್ಲಿಸಿ ಸಂಪತ್ತು ಮತ್ತು ಅಧಿಕಾರದ ಆಸೆಯನ್ನು ಶೋಧಿಸುತ್ತದೆ. ಒಂದು ಕೃತಿಯ ಶಿವಾಪುರಕ್ಕೂ ಇನ್ನೊಂದರದಕ್ಕೂ ಕಾಲದ ಲೆಕ್ಕ ಹೊಂದಬೇಕೆಂದು ಹುಡುಕುವವರಿಗೆ ನಿರಾಶೆಯಾಗುತ್ತದೆ. ಹಳ್ಳಿಯ ಪುರಾಣ ಹೇಳುವವರು ಪ್ರತಿ ಸಲ ಕತೆಯನ್ನು ಹೊಸದಾಗಿ ಕಟ್ಟುವ ಕ್ರಮವೇ ಇಲ್ಲಿಯೂ ಇದೆ.

ಈ ಲೋಕದ ಹಿಂದೆ ಸಂಗ್ರಹದ ದೊಡ್ಡ ದುಡಿಮೆ ಇದೆ. ಕಂಬಾರರು ಸಂಪಾದಿಸಿದ ಕನ್ನಡ ಜಾನಪದ ವಿಶ್ವಕೋಶ 1985ರಲ್ಲಿ ಪ್ರಕಟವಾಯಿತು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಕುಲಪತಿ. ಜೋಕುಮಾರಸ್ವಾಮಿ (1972) ನಾಟಕದಲ್ಲಿ ಭಾದ್ರಪದದ ಆಚರಣೆ ಗೌಡನ ದರ್ಪಕ್ಕೂ ಉಳುವವನ ಹಕ್ಕಿಗೂ ಸಂಬಂಧಿಸಿದ ಕತೆಯಾದುದು ಇಂಥ ತಿಳಿವಳಿಕೆಯಿಂದ. ಅವರಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಬಳಕೆ ಮತ್ತು ಮಿತಿ

ಕಾದಂಬರಿ, ನಾಟಕಗಳಲ್ಲದೆ ಚಲನಚಿತ್ರ, ಚಿತ್ರಕಥೆ, ಕಂಪ್ಯೂಟರ್ ಆಟಗಳಲ್ಲಿ ಲೋಕನಿರ್ಮಾಣ ಬೇಕಾಗುತ್ತದೆ. ಚಲನಚಿತ್ರದಲ್ಲಿ ಇದರ ಪಾಲು ಕಲಾನಿರ್ದೇಶಕರಿಗೂ ವಸ್ತ್ರವಿನ್ಯಾಸಕರಿಗೂ ಹಂಚಿಹೋಗುತ್ತದೆ. 2015ರ ತೆಲುಗು ಚಿತ್ರ ಬಾಹುಬಲಿಯಲ್ಲಿ ಕಾಲಕೇಯರ ಪಂಗಡಕ್ಕೆಂದು ಪ್ರತ್ಯೇಕ ಭಾಷೆಯನ್ನೇ ರಚಿಸಲಾಯಿತು.

ಆಕರ ಜೀವಂತವಾಗಿರುವಾಗ ಎಚ್ಚರ ಬೇಕು. ಕೂಡಲಸಂಗಮ, ಬಾದಾಮಿ ಬಳಿಯ ಬನಶಂಕರಿ ಪೂಜೆ ನಡೆಯುವ ಕ್ಷೇತ್ರಗಳು. ಗುಳ್ಳವ್ವ ಜೋಕುಮಾರರನ್ನು ಹೊರುವ ಸಮುದಾಯಗಳು ಇಂದಿಗೂ ಇವೆ. ಹೆಸರು, ವಿಧಿಗಳನ್ನು ಇದ್ದಂತೆಯೇ ಎತ್ತಿಕೊಳ್ಳುವುದಕ್ಕಿಂತ ಅವುಗಳ ಒಳಗಿನ ಸಂಬಂಧವನ್ನು ಗ್ರಹಿಸಿ ಹೊಸ ದೈವ ಕಟ್ಟುವುದು ಕಲೆಯ ದೃಷ್ಟಿಯಿಂದಲೂ ಲೇಸು. ಆಕರದ ಅತಿಯಾದ ಸಂಗ್ರಹ ಇನ್ನೊಂದು ಅಡ್ಡಿ. ಕೃತಿಯಲ್ಲಿ ಕಾಣಿಸುವುದು ಕಟ್ಟಿದ ಲೋಕದ ಚಿಕ್ಕ ಭಾಗ. ಉಳಿದದ್ದನ್ನು ಓದುಗರಿಗೆ ಹೇಳಿಯೇ ತೀರಬೇಕೆಂಬ ಹಟ ಕತೆಯನ್ನು ಕೆಡಿಸುತ್ತದೆ.

ಇಂದಿನ ಸ್ಥಿತಿ

ಕನ್ನಡದಲ್ಲಿ ಲೋಕನಿರ್ಮಾಣ ಈಗ ಹೆಚ್ಚು ಗಮನ ಸೆಳೆಯುತ್ತಿರುವುದು ಸಿನಿಮಾದಲ್ಲಿ. ಕೆಜಿಎಫ್ ಚಿತ್ರಗಳ (2018, 2022) ನರಾಚಿ ಗಣಿ, ವಿಕ್ರಾಂತ್ ರೋಣದ (2022) ಕಮರೊಟ್ಟು ಗ್ರಾಮ ಕಲ್ಪಿತ ತಾಣಗಳು. ಕಾಂತಾರ (2022) ಕರಾವಳಿಯ ಪಂಜುರ್ಲಿ, ಗುಳಿಗ ದೈವಗಳ ಆರಾಧನೆಯಿಂದ ಲೋಕನಿಯಮವನ್ನು ಪಡೆದುಕೊಂಡಿತು. ಅದರ ಹಿಂದಿನ ಕಾಲದ ಕತೆ ಹೇಳುವ ಚಿತ್ರ 2025ರಲ್ಲಿ ಬಂತು. ಕರಾವಳಿಯ ದೈವಗಳಿಗೆ ದೊರೆತ ಇಂಥ ದೊಡ್ಡ ಪರದೆ ಮಲಪ್ರಭಾ ತಪ್ಪಲಿನ ಗಣಗಳಿಗೂ ಜೋಕುಮಾರನಿಗೂ ಇನ್ನೂ ಸಿಕ್ಕಿಲ್ಲ. ಈ ಸೀಮೆಯ ಕಲ್ಪನೆ ಇಂದಿಗೂ ಮುಖ್ಯವಾಗಿ ರಂಗದಲ್ಲಿದೆ. ಬನದ ಹುಣ್ಣಿಮೆಗೆ ತೇರು ಎಳೆಯುವ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಟೆಂಟು ಹಾಕಿ ಆಟ ಆಡುತ್ತವೆ. ದೊಡ್ಡಾಟ, ಸಣ್ಣಾಟ, ಪಾರಿಜಾತಗಳ ಪೋಷಣೆಗಾಗಿ ಇರುವ ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲಿದೆ.